ಇಪ್ಪತ್ತೊಂದು ದಾಟಿದ ಮೊಟ್ಟೆ

ಕಾವು ಪೆಟ್ಟಿಗೆಯಲ್ಲಿ ಇಟ್ಟದ್ದು 12 ಕೋಳಿ ಮೊಟ್ಟೆ. ಮರಿಯಾಗಲು 21 ದಿನ. 21ನೆಯ ದಿನ ಕತ್ತಲಾಗುವ ಹೊತ್ತಿಗೆ ಏಳು ಮರಿಗಳು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಬಿದ್ದು ಚಿಂವ್‌ಗುಡುತ್ತಿವೆ. ಒಂದು ಮೊಟ್ಟೆಯಲ್ಲಿ ಬೆಳಿಗ್ಗೆಯೇ ಕಾಳುಮೆಣಸಿನಷ್ಟು ತೂತಾಗಿದೆ, ಅಲ್ಲಿಂದ ಮುಂದೆ ಹೋಗಿಲ್ಲ. ಇನ್ನೊಂದನ್ನು ಕಿವಿಗೆ ಹಿಡಿದರೆ ಒಳಗೆ ಟಕ್ ಟಕ್ ಅನ್ನುತ್ತದೆ. ಉಳಿದ ಮೂರು ಕಲ್ಲಿನ ಹಾಗೆ ಕೂತಿವೆ. ಮನೆಯಲ್ಲಿ ಕಾವು ಪೆಟ್ಟಿಗೆ ಇಟ್ಟುಕೊಂಡವರಿಗೆಲ್ಲ ಈ ರಾತ್ರಿ ಗೊತ್ತು. ಹೇಂಟೆಯ ಬುಟ್ಟಿಯಾಗಿದ್ದರೆ ಇಷ್ಟೆಲ್ಲ ಕಾಣಿಸುತ್ತಲೇ ಇರಲಿಲ್ಲ. ಮಷಿನ್ನಿಗೆ ಗಾಜು ಇದೆ, ಮುಚ್ಚಳ ಇದೆ, ಹತ್ತು ನಿಮಿಷಕ್ಕೊಮ್ಮೆ ಅದನ್ನು ತೆಗೆಯಬೇಕು ಅನ್ನಿಸುವ ಕೈಯೂ ಇದೆ. ತಡವಾದ ಮರಿಗಳಲ್ಲಿ ಎಷ್ಟೋ ಸಾಯುವುದು ಆ ಕೈಯಿಂದಲೇ.

ಮೊದಲು ದಿನ ಸರಿಯಾಗಿ ಎಣಿಸಿದ್ದೀರಾ ನೋಡಿಕೊಳ್ಳಿ. ಭಾನುವಾರ ಸಂಜೆ ಇಟ್ಟ ಮೊಟ್ಟೆಗೆ ಒಂದು ದಿನ ತುಂಬುವುದು ಸೋಮವಾರ ಸಂಜೆ. ಹಾಗಾಗಿ ಭಾನುವಾರ ಇಟ್ಟದ್ದಕ್ಕೆ ಮೂರು ವಾರ ಕಳೆದ ಭಾನುವಾರವೇ ಮರಿ. ಇಟ್ಟ ದಿನವನ್ನೇ ಒಂದು ಎಂದು ಲೆಕ್ಕ ಹಾಕಿ ಶನಿವಾರ ಬೆಳಿಗ್ಗೆಯೇ ತಲೆ ಕೆಡಿಸಿಕೊಳ್ಳುವವರು ಬಹಳ. ಎರಡನೆಯದು ಮೊಟ್ಟೆಯ ವಯಸ್ಸು. ವಾರಕ್ಕಿಂತ ಹೆಚ್ಚು ಕೂಡಿಟ್ಟ ಮೊಟ್ಟೆ ಪ್ರತಿ ಹೆಚ್ಚಿನ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ತಡ ಮಾಡುತ್ತದೆ, ಮರಿಯಾಗುವ ಸಾಧ್ಯತೆಯೂ ಇಳಿಯುತ್ತ ಹೋಗುತ್ತದೆ. 45 ಗ್ರಾಮಿನ ನಾಟಿ ಮೊಟ್ಟೆಯ ಜೊತೆಗೆ ಗಿರಿರಾಜ ತಳಿಯ ಕೋಳಿಯ ದೊಡ್ಡ ಮೊಟ್ಟೆ ಇಟ್ಟಿದ್ದರೆ ದೊಡ್ಡದು ಕೆಲವು ಗಂಟೆ ಹಿಂದೆ ಬೀಳುವುದು ಸಹಜ. ಪೆಟ್ಟಿಗೆಯ ಮೂಲೆಯಲ್ಲಿ, ಫ್ಯಾನಿನ ಗಾಳಿ ಸರಿಯಾಗಿ ತಲುಪದ ಕಡೆ ಇದ್ದವೂ ಹಾಗೆಯೇ. ಇಷ್ಟೆಲ್ಲ ಇರುವುದರಿಂದ 23ನೆಯ ದಿನ ಮುಗಿಯುವವರೆಗೆ ಒಂದು ಮೊಟ್ಟೆಯನ್ನೂ ಗೊಬ್ಬರ ಗುಂಡಿಗೆ ಎಸೆಯಬೇಡಿ.

ಕೊನೆಯ ಮೂರು ದಿನ ಚಿಪ್ಪಿನೊಳಗೆ ಏನು ನಡೆಯುತ್ತದೆಂದು ಗೊತ್ತಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಅಲ್ಲಿಯವರೆಗೆ ಮರಿ ಉಸಿರಾಡುವುದು ಶ್ವಾಸಕೋಶದಿಂದಲ್ಲ, ಚಿಪ್ಪಿನ ಒಳಮೈಗೆ ಅಂಟಿಕೊಂಡ ರಕ್ತನಾಳಗಳ ಬಲೆಯಿಂದ. 19–20ನೆಯ ದಿನಕ್ಕೆ ಮರಿ ಬೆಳೆದು ಆ ಬಲೆ ತರುವ ಗಾಳಿ ಸಾಲದಾಗುತ್ತದೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಏರಿ ಕತ್ತಿನ ಹಿಂದಿನ ಸ್ನಾಯು ಸೆಳೆಯತೊಡಗುತ್ತದೆ. ಆ ಸೆಳೆತಕ್ಕೆ ಕೊಕ್ಕು ಮೊದಲು ದಪ್ಪ ತುದಿಯಲ್ಲಿರುವ ಗಾಳಿ ಕೋಣೆಯ ಪೊರೆಯನ್ನು ಹರಿಯುತ್ತದೆ. ಮರಿಯ ಮೊದಲ ಉಸಿರು ಅಲ್ಲಿಯದು, ಮೊದಲ ಚಿಂವ್ ಕೇಳುವುದೂ ಆಗಲೇ. ಕೊಕ್ಕಿನ ತುದಿಯ ಬಿಳಿ ಮುಳ್ಳು ಚಿಪ್ಪಿಗೆ ಬಡಿಯುವ ಸದ್ದೇ ಆ ಟಕ್ ಟಕ್. ಸಾಮಾನ್ಯವಾಗಿ ಒಂದು ದಿನದೊಳಗೆ ಚಿಪ್ಪಿಗೆ ತೂತು ಬೀಳುತ್ತದೆ.

ತೂತಾದ ಮೇಲೆ ಮರಿ ತೆಪ್ಪಗಾಗುತ್ತದೆ. ನೋಡುವವರ ಜೀವ ಬಾಯಿಗೆ ಬರುವುದು ಇಲ್ಲಿ. ಆದರೆ ಅದು ಸುಮ್ಮನೆ ಮಲಗಿಲ್ಲ. ಬಲೆಯಲ್ಲಿದ್ದ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿದೆ, ಉಳಿದ ಹಳದಿಯನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ತೆಗೆದುಕೊಳ್ಳುತ್ತಿದೆ. ಈ ಕೆಲಸಕ್ಕೆ 12 ಗಂಟೆ ಬೇಕಾಗುವುದು ಮಾಮೂಲು, 24 ಗಂಟೆ ಹಿಡಿದರೂ ತಪ್ಪೇನಿಲ್ಲ. ಮುಗಿದ ಮೇಲೆ ಮರಿ ಒಳಗೇ ತಿರುಗುತ್ತ ಚಿಪ್ಪಿನ ಸುತ್ತ ಗೆರೆ ಕೊಯ್ದಂತೆ ಕುಕ್ಕಿ, ಕಾಲಿನಿಂದ ಮುಚ್ಚಳ ನೂಕಿ ಬರುತ್ತದೆ. ನಡುವೆ ನಾವು ಚಿಪ್ಪು ಬಿಡಿಸಿದರೆ ತುಂಬಿದ ರಕ್ತನಾಳ ಹರಿಯುತ್ತದೆ, ಒಣಗದ ಹೊಕ್ಕುಳಿನಿಂದ ಹಳದಿ ಹೊರಗೆ ಜೋತುಬೀಳುತ್ತದೆ. ಅಂಥ ಮರಿ ಎರಡು ಮೂರು ದಿನದ ಮೇಲೆ ಹೋಗುತ್ತದೆ. ಹುಟ್ಟುವಾಗಲೇ ಅಶಕ್ತವಾಗಿತ್ತು ಅಂತ ನಾವು ಅಂದುಕೊಳ್ಳುತ್ತೇವೆ.

ಗಡಿಯಾರ ಇಟ್ಟುಕೊಂಡು ಕೆಲಸ ಮಾಡಿ. ಹೊರಗೆ ತೂತು ಕಂಡ ಗಂಟೆಯನ್ನು ಪೆನ್ಸಿಲ್ಲಿನಿಂದ ಮೊಟ್ಟೆಯ ಮೇಲೇ ಬರೆಯಿರಿ. 24 ಗಂಟೆ ಕಳೆದೂ ತೂತು ದೊಡ್ಡದಾಗದಿದ್ದರೆ, ಅಥವಾ ಸುತ್ತ ಕೊಯ್ಯಲು ಹೊರಟು ಅರ್ಧಕ್ಕೆ ನಿಂತು ಆರು ಗಂಟೆ ಆಗಿದ್ದರೆ, ಕೈ ಹಾಕಬಹುದು. ಬೇಕಾದದ್ದು ಮೊಂಡು ತುದಿಯ ಚಿಮಟ, ಕಿವಿಗೆ ಹಾಕುವ ಹತ್ತಿಕಡ್ಡಿ, ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ತೆಂಗಿನೆಣ್ಣೆ, ಒಂದು ಟಾರ್ಚು. ಕೋಣೆಯ ಫ್ಯಾನು ಆರಿಸಿ. ತೂತಿನ ಸುತ್ತ ಬೇಳೆಯಗಲ ಚಿಪ್ಪನ್ನು ಮಾತ್ರ ತೆಗೆಯಿರಿ, ಬಿಳಿ ಪೊರೆ ಹಾಗೇ ಇರಲಿ. ಹತ್ತಿಕಡ್ಡಿಯಿಂದ ಪೊರೆಗೆ ಎಣ್ಣೆ ಸವರಿದರೆ ಅದು ಗಾಜಿನಂತಾಗಿ ಒಳಗಿನದು ಕಾಣುತ್ತದೆ. ಕೊಕ್ಕಿನ ಮೂಗಿನ ತೂತುಗಳಿಗೆ ಮಾತ್ರ ಎಣ್ಣೆ ತಾಗಬಾರದು. ಕೆಂಪು ನಾಳ ಕಂಡರೆ ಅಲ್ಲಿಗೇ ನಿಲ್ಲಿಸಿ ಪೆಟ್ಟಿಗೆಗೆ ವಾಪಸು ಇಡಿ, ಐದಾರು ಗಂಟೆಯ ಮೇಲೆ ನೋಡಿ. ಮರಿ ಅಗಿಯುವ ಹಾಗೆ, ಆಕಳಿಸುವ ಹಾಗೆ ಬಾಯಿ ಆಡಿಸುತ್ತಿದ್ದರೂ ಇನ್ನೂ ಹೊತ್ತಾಗಿಲ್ಲ ಎಂದೇ ಅರ್ಥ. ನಾಳಗಳು ಬಣ್ಣ ಕಳೆದುಕೊಂಡು ಕೂದಲೆಳೆಯಂತಾಗಿದ್ದರೆ ಗಾಳಿ ಕೋಣೆಯ ಸುತ್ತಳತೆಯಷ್ಟು ಚಿಪ್ಪು ಬಿಡಿಸಿ, ಪೊರೆಯನ್ನು ನೀರಿನಲ್ಲಿ ಮೆತ್ತಗೆ ಮಾಡಿ ಕೊಕ್ಕಿನಿಂದ ಹಿಂದಕ್ಕೆ ಸರಿಸಿ, ತಲೆಯನ್ನು ಬಿಡಿಸಿ ಬಿಟ್ಟುಬಿಡಿ. ಕೆಳಗಿನ ಅರ್ಧ ಚಿಪ್ಪನ್ನು ಮರಿಯೇ ಕಾಲಿನಿಂದ ನೂಕಿಕೊಳ್ಳಲಿ. ಹಳದಿ ಒಳಗೆ ಹೋಗಿದೆಯೋ ಇಲ್ಲವೋ ನಮಗೆ ಕಾಣುವುದಿಲ್ಲ, ಅದಕ್ಕೆ ಗೊತ್ತಿರುತ್ತದೆ. ಎಲ್ಲಿಯಾದರೂ ರಕ್ತ ಜಿನುಗಿದರೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದರೆ ನಿಲ್ಲುತ್ತದೆ.

ಟಕ್ ಟಕ್ ಅನ್ನುತ್ತಿದ್ದು, ಇಡೀ ಒಂದು ದಿನ ಕಳೆದರೂ ಹೊರಗೆ ಬಿರುಕು ಕಾಣದ ಮೊಟ್ಟೆಗೆ ಬೇರೆ ಉಪಾಯ. ಟಾರ್ಚು ಹಿಡಿದು ಗಾಳಿ ಕೋಣೆಯಲ್ಲಿ ಕೊಕ್ಕಿನ ನೆರಳು ಕಂಡರೆ, ಆ ಕೋಣೆಯ ನೆತ್ತಿಯಲ್ಲಿ, ಕೊಕ್ಕಿನಿಂದ ದೂರ, ಸ್ಪಿರಿಟ್ಟಿನಲ್ಲಿ ಒರೆಸಿದ ದಪ್ಪ ಸೂಜಿಯನ್ನು ತಿರುಪುತ್ತ 2 ಮಿಲಿಮೀಟರ್ ತೂತು ಮಾಡಿ. ಉಸಿರಿಗೆ ಗಾಳಿ ಸಿಕ್ಕರೆ ಮರಿಗೆ ಇನ್ನೊಂದು ದಿನ ಸಿಕ್ಕಿದಂತೆ. ಅದಕ್ಕಿಂತ ದೊಡ್ಡ ತೂತು ಬೇಡ, ಪೊರೆ ಒಣಗಿ ಮೈಗೆ ಬಿಗಿಯುತ್ತದೆ.

ಕಲ್ಲಿನಂತೆ ಕೂತ ಮೂರಕ್ಕೆ 23ರ ಸಂಜೆ ಮತ್ತೆ ಟಾರ್ಚು. ಗಾಳಿ ಕೋಣೆಯ ಕೆಳಗೆಲ್ಲ ಕಪ್ಪಗಿದ್ದು ಅಂಚು ಮಿಸುಕುತ್ತಿದ್ದರೆ ಜೀವ ಇದೆ. ಅನುಮಾನವಾದರೆ 38 ಡಿಗ್ರಿ ಬಿಸಿಯ ನೀರಿನಲ್ಲಿ ತೇಲಿಬಿಟ್ಟು ನೋಡುವ ಹಳೆಯ ಪರೀಕ್ಷೆ ಉಂಟು. ನೀರಿನ ಅಲೆ ನಿಂತ ಮೇಲೂ ಮೊಟ್ಟೆ ತಾನಾಗಿ ಅಲುಗಿದರೆ ಒಳಗೆ ಮರಿ ಆಡುತ್ತಿದೆ. ಆದರೆ ಕೂದಲಷ್ಟು ಬಿರುಕಿದ್ದರೂ ನೀರು ಒಳಗೆ ಹೋಗಿ ಬದುಕಿದ ಮರಿ ಮುಳುಗುತ್ತದೆ. ಚಿಪ್ಪಿನ ಪ್ರತಿ ಬದಿಯನ್ನು ಬೆಳಕಿನಲ್ಲಿ ನೋಡದೆ ಈ ಪರೀಕ್ಷೆಗೆ ಇಳಿಯಬೇಡಿ. ಟಾರ್ಚು ಕೈಯಲ್ಲಿರುವಾಗ ಇದರ ಅಗತ್ಯ ಬೀಳುವುದೂ ಅಪರೂಪ.

ಇಷ್ಟು ಆ ರಾತ್ರಿಯ ಮಾತು. ಆದರೆ ತಡವಾದ ಮರಿಯ ಹಣೆಬರಹ ಬರೆದಾಗುವುದು ಮೊದಲ 18 ದಿನಗಳಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಅದನ್ನು ಬರೆಯುವುದು ನೀರು.

ಕಾವಿನ ಪೆಟ್ಟಿಗೆಯ ಬಗ್ಗೆ ಎಲ್ಲಿ ಕೇಳಿದರೂ ಮೊದಲ ಉಪದೇಶ ಒಂದೇ: ಒಳಗೆ ಬಟ್ಟಲಲ್ಲಿ ನೀರಿಡಿ. ಬಯಲುಸೀಮೆಯ ಒಣ ಹವೆಗೆ ಅದು ಸರಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಅದೇ ಬಟ್ಟಲು ಮರಿಗಳನ್ನು ಮುಳುಗಿಸುತ್ತದೆ. ಲೆಕ್ಕ ಹೀಗೆ. ಜುಲೈ ತಿಂಗಳ ಕರಾವಳಿಯ ಮನೆಯೊಳಗೆ 28 ಡಿಗ್ರಿ, ತೇವಾಂಶ ಶೇಕಡಾ 85 ಎಂದಿಟ್ಟುಕೊಳ್ಳಿ. ಅದೇ ಗಾಳಿಯನ್ನು ಪೆಟ್ಟಿಗೆ 37.5 ಡಿಗ್ರಿಗೆ ಕಾಯಿಸಿದಾಗ, ಒಂದು ಹನಿ ನೀರು ಸೇರಿಸದೆ ಒಳಗಿನ ತೇವಾಂಶ ಶೇಕಡಾ 50ರ ಹತ್ತಿರ ನಿಲ್ಲುತ್ತದೆ. ಮೊದಲ 18 ದಿನಕ್ಕೆ ಬೇಕಾದದ್ದು 45ರಿಂದ 55. ಅಂದರೆ ಮಳೆಗಾಲದಲ್ಲಿ ಕರಾವಳಿಯ ಗಾಳಿಯೇ ನೀರಿನ ಬಟ್ಟಲು. ಮೇ ತಿಂಗಳ 32 ಡಿಗ್ರಿ, ಶೇಕಡಾ 70ರ ಸೆಕೆಯಲ್ಲಿ ಲೆಕ್ಕ ಹಾಕಿದರೂ ಉತ್ತರ ಹೆಚ್ಚುಕಡಿಮೆ ಅದೇ.

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದರೆ ಲೆಕ್ಕ ತಿರುಗುತ್ತದೆ. ಅಲ್ಲೂ ಜುಲೈಯಲ್ಲಿ ಗೋಡೆ ಬೆವರುತ್ತದೆ, ಒಗೆದ ಬಟ್ಟೆ ವಾರ ಕಳೆದರೂ ಒಣಗುವುದಿಲ್ಲ. ಆದರೆ ಮನೆಯೊಳಗಿನ ಗಾಳಿ 22 ಡಿಗ್ರಿಯ ತಣ್ಣನೆಯದು. ತಣ್ಣನೆಯ ಗಾಳಿ ಹೊತ್ತು ತರುವ ನೀರೇ ಕಡಿಮೆ. ಶೇಕಡಾ 95 ತೇವಾಂಶದ ಆ ಗಾಳಿ ಪೆಟ್ಟಿಗೆಯೊಳಗೆ ಕಾದಾಗ ಉಳಿಯುವುದು 40ಕ್ಕಿಂತ ತುಸು ಕಡಿಮೆ. ಜನವರಿಯ ಚಳಿಯಲ್ಲಿ, 15 ಡಿಗ್ರಿ, ಶೇಕಡಾ 80 ಇರುವ ಬೆಳಗಿನಲ್ಲಿ, ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ನೀರಿಡದೆ ಇದ್ದರೆ ಪೊರೆ ಒಣಗಿ ಮರಿಯ ಮೈಗೆ ಪ್ಲಾಸ್ಟಿಕ್ಕಿನಂತೆ ಸುತ್ತಿಕೊಳ್ಳುತ್ತದೆ. ಘಟ್ಟದ ಮೇಲಿನ ನೆಂಟರು ಹೇಳಿದ ಅಳತೆಯನ್ನು ಕೆಳಗಿನವರು ಮಾಡಿದರೆ, ಕೆಳಗಿನವರದ್ದನ್ನು ಮೇಲಿನವರು ಮಾಡಿದರೆ, ಎರಡೂ ಮನೆಯ ಮೊಟ್ಟೆ ಹಾಳು.

ತೇವಾಂಶದ ಮೀಟರಿಗಿಂತ ನಂಬಿಕೆಯದು ತಕ್ಕಡಿ. ಮೊಟ್ಟೆ 18 ದಿನದಲ್ಲಿ ತನ್ನ ತೂಕದ ಶೇಕಡಾ 12ರಷ್ಟು ನೀರನ್ನು ಚಿಪ್ಪಿನ ರಂಧ್ರಗಳ ಮೂಲಕ ಬಿಡಬೇಕು; 11 ಆದರೂ ಆದೀತು, 14 ಆದರೂ ಆದೀತು. ಅಷ್ಟು ಜಾಗ ಖಾಲಿಯಾದರೇ ಗಾಳಿ ಕೋಣೆ ಮರಿಯ ಮೊದಲ ಉಸಿರಿಗೆ ಸಾಲುವಷ್ಟು ದೊಡ್ಡದಾಗುವುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ 1 ಗ್ರಾಮ್ ತೋರಿಸಿದರೆ ಸಾಕು. ಒಂದೊಂದಾಗಿ ಬೇಡ, ಹತ್ತು ನಾಟಿ ಮೊಟ್ಟೆ ಒಟ್ಟಿಗೆ ತೂಗಿ: 450 ಗ್ರಾಮ್ ಇದ್ದರೆ ದಿನಕ್ಕೆ 3 ಗ್ರಾಮಿನಂತೆ ಇಳಿಯಬೇಕು. ಏಳನೆಯ ದಿನ 429, ಹದಿನಾಲ್ಕನೆಯ ದಿನ 408, ಹದಿನೆಂಟಕ್ಕೆ 396. ಏಳನೆಯ ದಿನ 438 ಇದ್ದರೆ ನೀರು ಹೆಚ್ಚು. ಬಟ್ಟಲು ತೆಗೆದು ಗಾಳಿಕಿಂಡಿ ಇನ್ನೊಂದು ತೆರೆಯಿರಿ. 420 ಇದ್ದರೆ ನೀರು ಸಾಲದು. ಏಳನೆಯ ದಿನ ಟಾರ್ಚು ಹಿಡಿದು ಗೊಡ್ಡು ಮೊಟ್ಟೆ ತೆಗೆದಿದ್ದರೆ ಉಳಿದವನ್ನು ಮತ್ತೆ ತೂಗಿ ಅಲ್ಲಿಂದ ಹೊಸ ಲೆಕ್ಕ ಬರೆದುಕೊಳ್ಳಬೇಕು.

18ನೆಯ ದಿನ ಮೊಟ್ಟೆ ತಿರುಗಿಸುವುದು ನಿಲ್ಲಿಸಿ ತೇವಾಂಶವನ್ನು 65–70ಕ್ಕೆ ಏರಿಸಬೇಕು. ಆಳವಾದ ಪಾತ್ರೆಯಿಂದ ಪ್ರಯೋಜನವಿಲ್ಲ, ನೀರಿನ ಮೇಲ್ಮೈ ಅಗಲ ಇರಬೇಕು. ಕರಾವಳಿಯಲ್ಲಿ ಸಣ್ಣ ಪೆಟ್ಟಿಗೆಗೆ ಒಂದು ತಟ್ಟೆ, ಅದರಲ್ಲೊಂದು ತುಂಡು ಸ್ಪಂಜು ಧಾರಾಳ. ಮೊದಲ ಮರಿ ಒದ್ದೆಯಾಗಿ ಹೊರಗೆ ಬಿದ್ದೊಡನೆ ಮೀಟರು ತಾನಾಗಿ 75 ದಾಟುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹುಟ್ಟಿದ ಮರಿಯನ್ನು ಕೂಡಲೇ ತೆಗೆಯಲು ಹೋಗಬೇಡಿ. ಮುಚ್ಚಳ ತೆಗೆದಾಗ ಆ ತೇವವೆಲ್ಲ ಹೊರಗೆ ಹೋಗಿ, ತೂತು ಮಾಡಿಕೊಂಡು ಕೂತ ಮರಿಯ ಪೊರೆ ಒಣಗುತ್ತದೆ. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಮರಿಗೆ ಎರಡು ದಿನ ತಿನ್ನಲು ಏನೂ ಬೇಡ. ದಿನಕ್ಕೆ ಒಂದೋ ಎರಡೋ ಸಲ ಮುಚ್ಚಳ ತೆಗೆದು ಒಣಗಿದವನ್ನೆಲ್ಲ ಒಟ್ಟಿಗೆ ತೆಗೆದರಾಯಿತು.

ಮೀಟರು ಸರಿ ಇದೆಯೋ ಎಂದು ನೋಡಲು ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ನೀರು ಚಿಮುಕಿಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. 68 ತೋರಿಸಿದರೆ ಯಾವಾಗಲೂ 7 ಸೇರಿಸಿ ಓದಿ. ಉಷ್ಣಾಂಶಕ್ಕೆ ಮನೆಯ ಜ್ವರದ ಡಿಜಿಟಲ್ ಥರ್ಮಾಮೀಟರನ್ನು ಮೊಟ್ಟೆಯ ಪಕ್ಕ ಇಟ್ಟು ಹೋಲಿಸಿ. ಅಗ್ಗದ ಕಂಟ್ರೋಲರಿನ ಸೆನ್ಸರ್ ಒಂದು ಡಿಗ್ರಿ ಆಚೀಚೆ ಇರುವುದು ಹೊಸ ಸಂಗತಿಯಲ್ಲ. ಫ್ಯಾನು ಇರುವ ಪೆಟ್ಟಿಗೆಗೆ 37.5, ಫ್ಯಾನಿಲ್ಲದ್ದಕ್ಕೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಅಳೆದು 38.5. ಅರ್ಧ ಡಿಗ್ರಿ ಕಡಿಮೆಯಾದರೆ ಅರ್ಧದಿಂದ ಒಂದು ದಿನ ತಡ, ಮರಿ ದೊಡ್ಡ ಹೊಟ್ಟೆಯದು, ನಿಧಾನದ್ದು. ಒಂದು ಡಿಗ್ರಿ ಹೆಚ್ಚಾದರೆ ಬೇಗ ಬರುತ್ತದೆ, ಸಾವೂ ಹೆಚ್ಚು. ತಂಪಿಗಿಂತ ಸೆಕೆಯೇ ಕೇಡು.

ಗುಡುಗಿದರೆ ಮೊಟ್ಟೆ ಕೆಡುತ್ತದೆಂದು ಕಾವಿನ ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಹೇಂಟೆಯ ಮೊಟ್ಟೆಗೆ ಗುಡುಗಿನಿಂದ ಏನೂ ಆಗುವುದಿಲ್ಲ. ಮಷಿನ್ನಿನ ಮೊಟ್ಟೆ ಮಾತ್ರ ಗುಡುಗಿಗೆ ನಿಜವಾಗಿಯೂ ಕೆಡುತ್ತದೆ, ಗುಡುಗಿನ ಜೊತೆ ಕರೆಂಟು ಹೋಗುವುದರಿಂದ! ಎರಡು ಮೂರು ಗಂಟೆಯ ಕತ್ತಲೆಗೆ ಅಂಜಬೇಕಿಲ್ಲ. ಥರ್ಮಾಕೋಲ್ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಬಿಸಿನೀರಿನ ಎರಡು ಬಾಟಲಿಯನ್ನು ಮೊಟ್ಟೆಗೆ ತಾಗದಂತೆ ಒಳಗಿಡಿ. ಕೊನೆಯ ಮೂರು ದಿನಗಳಲ್ಲಾದರೆ ಕಂಬಳಿ ಹೊದಿಸಿದರೂ ಗಾಳಿಕಿಂಡಿ ಮುಚ್ಚಬೇಡಿ. ಆ ಹೊತ್ತಿಗೆ ಮರಿಗಳೇ ಶಾಖ ಹುಟ್ಟಿಸುತ್ತವೆ, ಅವಕ್ಕೆ ಬೇಕಾದದ್ದು ಉಸಿರು. ಕರೆಂಟು ಬಂದ ಮೇಲೆ ಕಳೆದ ಹೊತ್ತನ್ನು ತುಂಬಿಸಲು ಉಷ್ಣಾಂಶ ಏರಿಸುವುದು ಬೇಡವೇ ಬೇಡ. ಇನ್ವರ್ಟರ್ ಇದ್ದರೆ ಸರಾಸರಿ 40 ವ್ಯಾಟ್ ಎಳೆಯುವ ಪೆಟ್ಟಿಗೆಯನ್ನು 150 ಆಂಪಿಯರ್-ಅವರಿನ ಒಳ್ಳೆಯ ಬ್ಯಾಟರಿ ಅರ್ಧ ಖಾಲಿಯಾಗುವುದರೊಳಗೆ ಇಡೀ ರಾತ್ರಿ ಸುಲಭವಾಗಿ ದಾಟಿಸುತ್ತದೆ. ಶಾಖಕ್ಕೆ ಬಲ್ಬು ಹಾಕುವ ಪೆಟ್ಟಿಗೆಯಾದರೆ ಎರಡು ಹಾಕಿ. ಒಂದೇ ಬಲ್ಬಿನ ಪೆಟ್ಟಿಗೆಯಲ್ಲಿ ನಡುರಾತ್ರಿ ಅದು ಸುಟ್ಟರೆ ಬೆಳಗಿನವರೆಗೆ ಯಾರಿಗೂ ತಿಳಿಯುವುದಿಲ್ಲ.

ಮರಿಯಾಗದ ಮೊಟ್ಟೆಯನ್ನು ಒಡೆದು ನೋಡುವ ಮನಸ್ಸು ಸುಲಭಕ್ಕೆ ಬರುವುದಿಲ್ಲ. ನೋಡದಿದ್ದರೆ ಮುಂದಿನ ಸಲವೂ ಅದೇ ತಪ್ಪು. ಮನೆಯಿಂದ ದೂರ, ಪ್ಲಾಸ್ಟಿಕ್ ಚೀಲದೊಳಗೆ ಹಿಡಿದು ದಪ್ಪ ತುದಿಯಿಂದ ಬಿಡಿಸಿ. ಮೊದಲೇ ನಾತ ಬರುತ್ತಿದ್ದರೆ, ಚಿಪ್ಪಿನಿಂದ ಕಂದು ರಸ ಜಿನುಗುತ್ತಿದ್ದರೆ ಬಿಡಿಸಲು ಹೋಗಬೇಡಿ, ಸಿಡಿಯುತ್ತದೆ. ಒಳಗೆ ಬರೀ ಹಳದಿ ಇದ್ದರೆ ಹುಂಜದ ಪ್ರಶ್ನೆ: ಎಂಟು ಹತ್ತು ಹೇಂಟೆಗೆ ಒಂದು ಹುಂಜ ಬೇಕು. ರಕ್ತದ ಉಂಗುರವಿದ್ದರೆ ಮೊದಲ ವಾರದಲ್ಲೇ ಸತ್ತದ್ದು. ಹಳೆಯ ಮೊಟ್ಟೆ, ಕುಲುಕಿದ ಮೊಟ್ಟೆ, ಸುರುವಿನ ಸೆಕೆ ಇವುಗಳಲ್ಲೊಂದು ಕಾರಣ. ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ತಂದ ಮೊಟ್ಟೆಯನ್ನು ದಪ್ಪ ತುದಿ ಮೇಲೆ ಮಾಡಿ ಒಂದು ದಿನ ಸುಮ್ಮನೆ ಇಟ್ಟ ಮೇಲೆಯೇ ಕಾವಿಗೆ ಹಾಕಬೇಕು. ಪೂರ್ತಿ ಬೆಳೆದ ಮರಿಯ ಕತ್ತು ಬಾತು, ಸುತ್ತ ನೀರು ತುಂಬಿ, ಗಾಳಿ ಕೋಣೆ ಚಿಕ್ಕದಾಗಿದ್ದರೆ ಅದು ಕರಾವಳಿಯ ರೋಗ, ನೀರಿನ ಬಟ್ಟಲಿನ ಕೆಲಸ. ಪೊರೆ ಚರ್ಮದಂತೆ ಒಣಗಿ ಮೈಗೆ ಅಂಟಿದ್ದರೆ ನೀರು ಸಾಲದ್ದು, ಇಲ್ಲವೇ ಮುಚ್ಚಳ ತೆಗೆದದ್ದು. ತಲೆ ಸಣ್ಣ ತುದಿಯ ಕಡೆಗಿದ್ದರೆ ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟಿದ್ದಿರಬಹುದು. ನೋಡಿಯಾದ ಮೇಲೆ ಒಂದೂವರೆ ಅಡಿ ಗುಂಡಿ ತೆಗೆದು, ಸುಣ್ಣವೋ ಬೂದಿಯೋ ಹಾಕಿ ತೆಂಗಿನ ಬುಡಕ್ಕೆ ಮುಚ್ಚಿ. ಮೇಲೆ ಕಲ್ಲಿಡದಿದ್ದರೆ ರಾತ್ರಿ ನಾಯಿ ಕೆದಕುತ್ತದೆ. ಕೈಯನ್ನು ಸೋಪು ಹಾಕಿ ತೊಳೆಯಿರಿ.

ತಡವಾಗಿ ಬಂದ ಮರಿಗೆ ಕಾಲು ಅಗಲ ಜಾರುವುದು ಸಾಮಾನ್ಯ. ಬ್ಯಾಂಡೇಜ್ ಪಟ್ಟಿಯನ್ನು ಉದ್ದಕ್ಕೆ ಸೀಳಿ ಎರಡು ಕಾಲನ್ನೂ ಎರಡೂವರೆ ಸೆಂಟಿಮೀಟರ್ ಅಂತರದಲ್ಲಿ ಕಟ್ಟಿದರೆ ಮೂರು ನಾಲ್ಕು ದಿನದಲ್ಲಿ ನಿಲ್ಲುತ್ತದೆ. ನೆಲಕ್ಕೆ ಪೇಪರ್ ಹಾಕಬೇಡಿ, ಒರಟು ಗೋಣಿ ಹಾಸಿ. ಹೊಕ್ಕುಳು ಒಣಗದಿದ್ದರೆ ಪೊವಿಡೋನ್ ಅಯೋಡಿನ್ ಒಂದು ಹನಿ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬೆಲ್ಲ ಕದಡಿ, ಕೊಕ್ಕನ್ನು ಒಮ್ಮೆ ಅದ್ದಿದರೆ ಉಳಿದದ್ದನ್ನು ಅದೇ ಕುಡಿಯುತ್ತದೆ. ಹೊಟ್ಟೆ ಉಬ್ಬಿ, ಹೊಕ್ಕುಳು ನೀಲಿಯಾಗಿ ನಾತ ಬಂದರೆ ಸೋಂಕು ಒಳಗೆ ಇಳಿದಿದೆ. ಬೇರೆ ಮರಿಗಳಿಂದ ಆ ಕೂಡಲೇ ದೂರ ಮಾಡಿ. ಬಾಯಿಗೆ ನೀರು ಹಿಂಡಿ ಎರಡು ದಿನ ಎಳೆಯುವುದು ಮರಿಗಾಗಿ ಅಲ್ಲ, ನಮ್ಮ ಸಮಾಧಾನಕ್ಕಾಗಿ. ನರಳುವುದನ್ನು ಬೇಗ ಮುಗಿಸಲು ಪಶು ವೈದ್ಯರ ಸಹಾಯ ಕೇಳುವುದರಲ್ಲಿ ನಾಚಿಕೆ ಬೇಡ.

ಹೇಂಟೆಯ ಕೆಳಗೆ ಕಾವಿಗಿಟ್ಟವರಿಗೆ ತಡದ ಕಾರಣ ಬೇರೆಯೇ. ಇವಳು ಮೇಯಲು ಎದ್ದಾಗ ಇನ್ನೊಬ್ಬಳು ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟುಹೋಗುತ್ತಾಳೆ. ಇಟ್ಟ ದಿನವೇ ಎಲ್ಲಕ್ಕೂ ಪೆನ್ಸಿಲ್ ಗುರುತು ಹಾಕಿದ್ದರೆ ಗುರುತಿಲ್ಲದ್ದನ್ನು ಸಂಜೆ ತೆಗೆಯಬಹುದು. ಮೊದಲ ಮರಿ ಹುಟ್ಟಿ ಒಂದು ಒಂದೂವರೆ ದಿನಕ್ಕೆ ತಾಯಿ ಮರಿಗಳನ್ನು ಕರೆದುಕೊಂಡು ಎದ್ದುಬಿಡುತ್ತಾಳೆ, ತೂತಾದ ಮೊಟ್ಟೆ ಬುಟ್ಟಿಯಲ್ಲೇ ತಣ್ಣಗಾಗುತ್ತದೆ. ಆಗ ಇರುವೆ ಬರುತ್ತದೆ, ತೂತಿನ ಹಸಿ ವಾಸನೆಗೆ, ಗಂಟೆಯೊಳಗೆ. ಪೆಟ್ಟಿಗೆಯ ಕಾಲಾಗಲಿ ಬುಟ್ಟಿಯ ಮಣೆಯ ಕಾಲಾಗಲಿ ನೀರಿನ ಗಿಣ್ಣಲಿನಲ್ಲಿರಲಿ. ಹೇನಿನ ಕಾಟಕ್ಕೆ ಹೇಂಟೆ ಕಾವು ಬಿಟ್ಟೇಳದಂತೆ ಬುಟ್ಟಿಯ ತಳಕ್ಕೆ ಬೂದಿ, ಅದರ ಮೇಲೆ ಲಕ್ಕಿ ಸೊಪ್ಪು.

ಹಾಗೆ ಬಿಟ್ಟುಹೋದ ಮೊಟ್ಟೆಯನ್ನು ಪೆಟ್ಟಿಗೆಯಲ್ಲಿ ಮರಿ ಮಾಡಿಸಿದರೆ, ಹಗಲಲ್ಲಿ ತಾಯಿಯ ಮುಂದೆ ಬಿಡಬೇಡಿ, ಕುಕ್ಕಿ ಕೊಲ್ಲುವುದುಂಟು. ಮೈ ಒಣಗಿ ಕಾಲೂರಿ ನಿಂತ ಮೇಲೆ, ಆ ದಿನವೇ ಅಥವಾ ಮರುದಿನ, ಚೆನ್ನಾಗಿ ಕತ್ತಲಾದ ಮೇಲೆ ಟಾರ್ಚಿನ ಬೆಳಕು ಅವಳ ಕಣ್ಣಿಗೆ ಬೀಳದಂತೆ ಹೋಗಿ, ಬೆನ್ನ ಕಡೆಯಿಂದ ರೆಕ್ಕೆಯ ಅಡಿಗೆ ಸರಿಸಿ. ಗುರ್ರ್ ಅಂದು ಮೈ ಉಬ್ಬಿಸಿ ಮತ್ತೆ ಕೂತರೆ ಒಪ್ಪಿಕೊಂಡಂತೆ. ಬೆಳಕು ಹರಿಯುವ ಮುಂಚೆ ಹೋಗಿ ಒಮ್ಮೆ ನೋಡಿಕೊಳ್ಳಿ.